ಹಳೆಯ ಮೋಟಾರಿನ ದುರಸ್ತಿಯೂ ಕಾಯಕದ ಮೇರೆಯೂ



ನಮ್ಮ ಶಿಕಾರಿಪುರ-ಸೊರಬ ಸೀಮೆಯಲ್ಲಿ ಹಿರಿಯರ ಕಾಲದ ಮೋಟಾರು ಕಾರೊಂದನ್ನು ಕೊಟ್ಟಿಗೆಯಲ್ಲಿ ಉಳಿಸಿಕೊಂಡಿರುವ ಮನೆಗಳು ಇಲ್ಲದಿಲ್ಲ. ಬಹುಮಟ್ಟಿಗೆ ಅದು ಅಂಬಾಸಿಡರ್ ಆಗಿರುವುದು. ಕಲ್ಕತ್ತೆಯ ಸಮೀಪದ ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆಯು 2014ರಲ್ಲಿ ನಿಂತುಹೋಯಿತಾದರೂ, ತಂದೆಯು ಏರಿದ ವಾಹನವೆಂಬ ಗೌರವದಿಂದ ಮಕ್ಕಳು ಅದನ್ನು ಮಾರಲೊಲ್ಲರು. ಅಂತಹ ಗೃಹಸ್ಥನೊಬ್ಬನು, ದವನದ ಹುಣ್ಣಿಮೆಯ ಅಕ್ಕನ ಜಯಂತಿಗೆ ವೃದ್ಧ ತಾಯಿಯನ್ನು ಉಡುತಡಿಗೆ ಕರೆದೊಯ್ಯಬೇಕೆಂದು ಬಯಸಿ, "ಬ್ರೇಕು ಸ್ವಲ್ಪ ಸಡಿಲ, ಒಂದು ದಿನದ ಕೆಲಸ" ಎಂದು ಕಾರನ್ನು ಗ್ಯಾರೇಜಿಗೆ ಒಯ್ದನೆಂದು ಭಾವಿಸೋಣ. ವಚನಾರ್ಥದ ಪತ್ರಿಕೆಯಲ್ಲಿ ಮೋಟಾರಿನ ಮಾತೇಕೆಂದು ಕೆಲವರು ಹುಬ್ಬೇರಿಸಬಹುದು. ಅಂಬಿಗರ ಚೌಡಯ್ಯನವರು ದೋಣಿಯನ್ನಾಗಲಿ, ಜೇಡರ ದಾಸಿಮಯ್ಯನವರು ಮಗ್ಗವನ್ನಾಗಲಿ ಬಿಟ್ಟು ಶಿವಾನುಭವವನ್ನು ಅರಸಲಿಲ್ಲವಷ್ಟೆ.

ಚಕ್ರವನ್ನು ಬಿಚ್ಚಿ ನೋಡಲು ಸಿಲಿಂಡರಿನೊಳಗಿನ ರಬ್ಬರು ಸವೆದಿದೆ. ಹೊಸ ರಬ್ಬರನ್ನು ಹಾಕಿ ಪೆಡಲನ್ನು ಒತ್ತಿದೊಡನೆ, ಸೋರಿಕೆಯ ದೆಸೆಯಿಂದ ಇದುವರೆಗೆ ಪೂರ್ಣ ಒತ್ತಡವನ್ನೇ ಕಾಣದಿದ್ದ ಹಳೆಯ ಕೊಳವೆಯು ತುಕ್ಕು ತಿಂದ ಸ್ಥಳದಲ್ಲಿ ಒಡೆಯುವುದು. ಕೊಳವೆಯ ಜಾಡನ್ನು ಹಿಡಿದು ಅಡಿಗೆ ಹೋದರೆ ತಳದ ತಗಡು ಮಲೆನಾಡಿನ ಮಳೆಗೆ ಜಾಳಾಗಿದೆ. ಲಾರಿಗಿರುವಂತೆ ಈ ಕಾರಿಗೆ ಪ್ರತ್ಯೇಕ ಚಾಸಿಯಿಲ್ಲ. ಮೈಯ ತಗಡೇ ಅದರ ಅಸ್ಥಿಪಂಜರವು. ಆದುದರಿಂದ ತೂತಿನ ಮೇಲೆ ಚಾಪೆ ಹಾಸಿ ಸುಮ್ಮನಿರುವಂತಿಲ್ಲ. ಬೆಸುಗೆ ಹಾಕಬೇಕಾದರೆ ಸೀಟುಗಳನ್ನು ತೆಗೆಯಬೇಕು, ಪೆಟ್ರೋಲಿನ ಟ್ಯಾಂಕನ್ನು ಇಳಿಸಬೇಕು, ವಿದ್ಯುತ್ತಿನ ತಂತಿಗಳನ್ನು ಸರಿಸಬೇಕು. ಸರಿಸಿದ ತಂತಿಯ ಹೊದಿಕೆಯು ಕೈಯಲ್ಲಿಯೇ ಪುಡಿಯಾಗುವುದು. ಹೀಗೆ ಒಂದು ದಿನದ ಕೆಲಸವು ಒಂದು ಮಳೆಗಾಲದ ಕೆಲಸವಾಗುವುದು. ಆಗ ಮೆಕ್ಯಾನಿಕ್ಕನನ್ನು ದೂರುವುದು ಲೋಕರೂಢಿ. ಅದು ಅನ್ಯಾಯವು, ಕೇಡನ್ನು ಅವನು ತಂದವನಲ್ಲ, ತೋರಿಸಿದವನು.

ಅಂತರಂಗದ ದುರಸ್ತಿಯ ಕ್ರಮವೂ ಇದೇ. ಅದೇ ಗೃಹಸ್ಥನು, ಇನ್ನು ಮೇಲೆ ಸುಳ್ಳಾಡೆನೆಂದು ಗುರುವಿನ ಸನ್ನಿಧಿಯಲ್ಲಿ ಸಂಕಲ್ಪಿಸಿದನೆನ್ನಿ. ನಾಲಗೆಯೊಂದನ್ನು ಬಿಗಿಹಿಡಿದರೆ ಸಾಕೆಂದು ಅವನ ಎಣಿಕೆ. ಸಂಜೆಗೆ ಲೆಕ್ಕದ ಪುಸ್ತಕವನ್ನು ತೆರೆದರೆ ತಮ್ಮನ ಪಾಲಿಗೆ ಸಲ್ಲಬೇಕಾಗಿದ್ದ ಅಡಕೆಯ ಹಣವು ಕಣ್ಣಿಗೆ ಬೀಳುವುದು. ಅದನ್ನು ಸಲ್ಲಿಸಲು ತಮ್ಮನ ಮನೆಯ ಹೊಸ್ತಿಲನ್ನು ತುಳಿಯಬೇಕು; ತುಳಿಯಲು ಹತ್ತು ವರ್ಷಗಳ ಅಭಿಮಾನವು ಅಡ್ಡ ನಿಲ್ಲುವುದು. ಸತ್ಯದ ಒತ್ತಡವು ಬಿದ್ದಮೇಲೆಯೇ ತುಕ್ಕಿನ ಠಾವು ತಿಳಿಯಿತು! ನಮ್ಮಲ್ಲಿ ಅನೇಕರು "ನಾನು ಸಂಕಲ್ಪಿಸಿದ್ದು ಮಾತಿನ ಶುದ್ಧಿಯನ್ನು, ಇಷ್ಟೆಲ್ಲವನ್ನಲ್ಲ" ಎಂದು ಇಲ್ಲಿಂದಲೇ ಹಿಂದಿರುಗಿಬಿಡುವರು. ವಿಭೂತಿಯನ್ನು ದಟ್ಟವಾಗಿ ಧರಿಸಿ ಹಿಂದಿರುಗುವರೆಂಬುದನ್ನೂ ಹೇಳಲೇಬೇಕು. ಈ ಬಗೆಯ ಬೆಳವಣಿಗೆಗೆ ಅಂಜತಕ್ಕದ್ದಲ್ಲ; ಅದು ಗುರುಕಾರುಣ್ಯವೇ ಸರಿ.

ಆದರೆ ಕೆಲಸವು ಬೆಳೆಯುವ ಮತ್ತೊಂದು ಬಗೆಯುಂಟು. "ಬಿಚ್ಚಿದ್ದಂತೂ ಆಯಿತು, ಇಂಜಿನ್ನನ್ನೂ ಇಳಿಸೋಣ, ಬಂಪರಿಗೆ ಹೊಳಪು ಕೊಡಿಸೋಣ, ಮೈಗೆ ಹೊಸ ಬಣ್ಣ ಹೊಡೆಸೋಣ" ಎಂಬ ಮಾತು ಹುಟ್ಟುವುದು ತುಕ್ಕಿನಿಂದಲ್ಲ, ನೆರೆಯವರ ಕಣ್ಣಿನಿಂದ. ಆಗ ತೋಟದ ಆಳಿನ ಕೂಲಿಯು ಮುಂದಿನ ವಾರಕ್ಕೆ, ಮಗಳ ಶಾಲೆಯ ಶುಲ್ಕವು ಮುಂದಿನ ತಿಂಗಳಿಗೆ, ದಾಸೋಹದ ಅಕ್ಕಿಯು ಮುಂದಿನ ವರ್ಷಕ್ಕೆ ಹೋಗುವುದು. ಕೇಡಿನ ಖರ್ಚೂ ಆಶೆಯ ಖರ್ಚೂ ಒಂದೇ ಬಿಲ್ಲಿನಲ್ಲಿ ಬರುವುದರಿಂದ ಯಜಮಾನನಿಗೆ ಅವುಗಳ ಭೇದವು ತಿಳಿಯದು.

ತಿಳಿದವಳು ಆಯ್ದಕ್ಕಿ ಲಕ್ಕಮ್ಮನು. ಪತಿಯಾದ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಆಕೆ ಅವರನ್ನು ಹಿಂದಕ್ಕೆ ಕಳುಹಿಸಿದಳು. ತಂದ ಅಕ್ಕಿಯು ಕಳವಿನದಲ್ಲ, ಉದ್ದೇಶವೂ ಕೆಟ್ಟದ್ದಲ್ಲ. ಆದರೂ ನಿತ್ಯದ ಅಳತೆಯನ್ನು ಅದು ಮೀರಿತ್ತು. ಗ್ಯಾರೇಜಿನ ಬಿಲ್ಲನ್ನು ಮನೆಯಾಕೆಗೆ ತೋರಿಸದೆ ಮಡಿಸಿಡುವ ಗೃಹಸ್ಥರು ಈ ಪ್ರಸಂಗವನ್ನು ಮತ್ತೊಮ್ಮೆ ಓದುವುದು ಒಳ್ಳೆಯದು.

ನಮ್ಮ ಬಳ್ಳಿಗಾವಿಯವರೆಂದು ಪರಂಪರೆಯು ಕೊಂಡಾಡುವ ಅಲ್ಲಮಪ್ರಭುದೇವರು ಸೊನ್ನಲಿಗೆಗೆ ಹೋದಾಗ ಸಿದ್ಧರಾಮನಾಥರು ಕೆರೆ-ದೇಗುಲಗಳ ನಿರ್ಮಾಣದಲ್ಲಿ ಮುಳುಗಿದ್ದರು. ಪ್ರಭುದೇವರು ಅವರನ್ನು ಒಡ್ಡನೆಂದು ಕರೆದು ಕೆಣಕಿದುದೂ, ಕೆಲಸಗಾರರು ಕಲ್ಲೆಸೆದುದೂ ಶೂನ್ಯಸಂಪಾದನೆಯಲ್ಲಿ ಪ್ರಸಿದ್ಧವು. ಇದರಿಂದ ಪ್ರಭುದೇವರು ಲೋಕೋಪಕಾರವನ್ನು ಹಳಿದರೆಂದು ಹೇಳುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆ ಕೆರೆಯು ಇಂದಿಗೂ ಸೊಲ್ಲಾಪುರದಲ್ಲಿರುವುದು. ಅಗೆತವು ಕೆರೆಗಾಗಿಯೋ, ಅಗೆಯಿಸುವ "ನಾನು" ಎಂಬುದಕ್ಕಾಗಿಯೋ ಎಂಬುದೇ ಅಲ್ಲಿಯ ಪ್ರಶ್ನೆಯಾಗಿತ್ತು. ಆ ಭೇಟಿಯ ತರುವಾಯವೇ ಸಿದ್ಧರಾಮನಾಥರು ಕಲ್ಯಾಣಕ್ಕೆ ಬಂದು ಚೆನ್ನಬಸವಣ್ಣನವರಿಂದ ಲಿಂಗದೀಕ್ಷೆಯನ್ನು ಪಡೆದರು.

ದುರಸ್ತಿಗೆ ಮೇರೆಯನ್ನು ಕಟ್ಟುವ ಬಗೆಯನ್ನು ನಮ್ಮ ನಾಡಿನ ಪ್ರಾಚೀನ ದಾನಶಾಸನಗಳಲ್ಲಿ ಕಾಣಬಹುದು. ಅವುಗಳಲ್ಲಿ ಖಂಡಸ್ಫುಟಿತಜೀರ್ಣೋದ್ಧಾರವೆಂಬ ಪದವು ಮೇಲಿಂದ ಮೇಲೆ ಬರುವುದು. ಒಡೆದದ್ದನ್ನೂ ಬಿರಿದದ್ದನ್ನೂ ಸರಿಪಡಿಸುವುದೆಂದು ಅದರ ಅರ್ಥ. ದುರಸ್ತಿಯು ಒಮ್ಮೆಗೆ ಮುಗಿಯುವುದಲ್ಲವೆಂದು ಬಲ್ಲ ದಾನಿಗಳು ಅದಕ್ಕಾಗಿ ಭೂಮಿಯನ್ನೇ ಬಿಡುತ್ತಿದ್ದರು. ಆದರೆ ಅದೇ ಶಾಸನಗಳಲ್ಲಿ ಪೂಜೆಗೂ, ತಪೋಧನರ ಆಹಾರದಾನಕ್ಕೂ, ವಿದ್ಯಾದಾನಕ್ಕೂ ಪಾಲು ಇರುತ್ತಿತ್ತು. ಗೋಡೆಯ ಬಿರುಕು ಹಸಿದವನ ಅನ್ನವನ್ನು ನುಂಗದಂತೆ ಕಟ್ಟಿದ ಏರ್ಪಾಡು ಅದು.

ಗೃಹಸ್ಥನೂ ಹಾಗೆಯೇ ಮಾಡಬಹುದು. ಕಾರನ್ನು ಬಿಚ್ಚುವ ಮುನ್ನವೇ ಕೂಲಿ, ಶುಲ್ಕ, ದಾಸೋಹಗಳ ಹಣವನ್ನು ಬೇರೆ ತೆಗೆದಿಡಲಿ. ಏತಕ್ಕಾಗಿ ಬಿಚ್ಚುವುದೆಂಬುದನ್ನು ಕಾಗದದಲ್ಲಿ ಬರೆದು ಮನೆಯಾಕೆಯ ಕೈಗೆ ಕೊಡಲಿ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ನವೀಕರಿಸುವಾಗ ಅದು ಓಡಿಸಲು ಯೋಗ್ಯವೇ ಎಂದು ಸರ್ಕಾರವೂ ಪರೀಕ್ಷಿಸುವುದು. ಬ್ರೇಕು, ತಳ, ದೀಪ, ತಂತಿಗಳಲ್ಲಿ ಜಿಪುಣತನವು ಸಲ್ಲದು. ಇಷ್ಟಾದರೆ ತಾಯಿಯು ಉಡುತಡಿಗೆ ಕ್ಷೇಮವಾಗಿ ಹೋಗಿಬರಬಹುದು. ಬಣ್ಣಕ್ಕೆಂದು ಎತ್ತಿಟ್ಟ ಹಣವೇನಾದರೂ ಉಳಿದಿದ್ದರೆ, ತಮ್ಮನ ಅಡಕೆಯ ಲೆಕ್ಕವು ಇನ್ನೂ ಬಾಕಿಯಿದೆ.