ಏನೂ ಇಲ್ಲ ಮಾರಾಯ

ಕೋಲ್ಕತ್ತಾ ಅಂಗೈಯಂತೆ ಸಪಾಟಾದ ಊರು. 1994ರಲ್ಲಿ ನಾನು ವರ್ಗವಾಗಿ ಬಂದಾಗ ಅದಿನ್ನೂ ಕಲ್ಕತ್ತಾ. ಮೂಡಿಗೆರೆ ಕಡೆಯವನಾದ ನನಗೆ ಮೊದಲ ಆರು ತಿಂಗಳು ಏನೋ ಕಳಕೊಂಡ ಹಾಗೆ ಅನ್ನಿಸುತ್ತಿತ್ತು. ಏನು ಅಂತ ಆಮೇಲೆ ಹೊಳೆಯಿತು: ಎತ್ತ ನೋಡಿದರೂ ಒಂದು ಗುಡ್ಡವಿಲ್ಲ. ಇಲ್ಲಿ ಹತ್ತೋದು ಅಂದ್ರೆ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು, ಅಷ್ಟೆ.

ಆದರೆ ವಿಚಿತ್ರ ನೋಡಿ, ಬೆಟ್ಟದ ಹುಚ್ಚಿನ ಜನರನ್ನು ನಾನು ಕಂಡದ್ದು ಈ ಬಯಲೂರಿನಲ್ಲೇ. ಪೂಜೆಯ ರಜೆ ಬಂತೆಂದರೆ ನಮ್ಮ ಬ್ರಾಂಚಿನ ಗುಮಾಸ್ತರು ಬೆನ್ನಿಗೆ ಚೀಲ ಏರಿಸಿ ಸಂದಕ್‌ಫು ಕಡೆ ಹೊರಡುತ್ತಿದ್ದರು. 1960ರಷ್ಟು ಹಿಂದೆಯೇ ಬಂಗಾಳದ ತಂಡವೊಂದು ಗಢವಾಲದ ನಂದಾಘುಂಟಿ ಶಿಖರಕ್ಕೆ ಹೋಗಿತ್ತು. 2010ರಲ್ಲಿ ಬಸಂತ ಸಿಂಘ ರಾಯ್ ಮತ್ತು ದೇಬಾಶಿಸ್ ಬಿಶ್ವಾಸ್ ಎವರೆಸ್ಟ್ ಹತ್ತಿದಾಗ ಟೀ ಅಂಗಡಿಗಳಲ್ಲಿ ಕ್ರಿಕೆಟ್ಟನ್ನೂ ಬಿಟ್ಟು ಅದೇ ಮಾತು. ಇಂಥವರ ನಡುವೆ 'ಬೆಟ್ಟದ ಊರಿನವನು' ಅಂತ ನನಗೊಂದು ಪದವಿ ಪುಕ್ಕಟೆಯಾಗಿ ಸಿಕ್ಕಿಬಿಟ್ಟಿತ್ತು. ಪರಊರಿನಲ್ಲಿ ನಾವೆಲ್ಲ ನಮ್ಮೂರಿನ ತಜ್ಞರೇ ತಾನೇ! ನಾನೂ ಆ ಪದವಿಯನ್ನು ಬಿಡಲಿಲ್ಲ.

ಅದರ ಬೆಲೆ ತೆತ್ತವನು ಬೇರೊಬ್ಬ. 2009ರ ಅಕ್ಟೋಬರ್. ಗದಗದ ಕಡೆಯ ಹುಡುಗನೊಬ್ಬ ಹೊಸದಾಗಿ ಆಫೀಸರಾಗಿ ನಮ್ಮಲ್ಲಿಗೆ ಬಂದಿದ್ದ. ಕಾಫಿಪುಡಿ ತರಲು ಇಬ್ಬರೂ ಲೇಕ್ ಮಾರ್ಕೆಟ್ಟಿಗೆ ಹೋಗಿದ್ದಾಗ ಕೇಳಿದ: "ಸರ, ದೀಪಾವಳಿಗೆ ಊರಿಗೆ ಹೊಂಟೇನ್ರಿ. ಗೆಳೆಯರು ಎತ್ತಿನ ಭುಜಕ್ಕ ಹೋಗೂಣು ಅಂತಾರ. ಭಾಳ ಕಷ್ಟ ಐತೇನ್ರಿ?"

ಎತ್ತಿನ ಭುಜ ನಮ್ಮ ಮೂಡಿಗೆರೆ ತಾಲ್ಲೂಕಿನದೇ, ಬೈರಾಪುರದ ಹತ್ತಿರ. ಕೊನೆಯ ಏರು ಬರಿ ಬಂಡೆ, ಕೈ ಊರಿಯೇ ಹತ್ತಬೇಕು, ಪಕ್ಕದಲ್ಲಿ ಕಣಿವೆ. ನಾನು ಹದಿನಾಲ್ಕರ ವಯಸ್ಸಿನಲ್ಲಿ ಬರಿಗಾಲಲ್ಲಿ ಹತ್ತಿದ್ದೆ. "ಏನೂ ಇಲ್ಲ ಮಾರಾಯ, ನಾವು ಚಡ್ಡಿ ಹಾಕ್ಕೊಂಡು ಓಡಿ ಹತ್ತಿದ್ದು" ಅಂದೆ.

ಅವನು ಹತ್ತಿದ. ಇಳಿಯುವಾಗ ಹಾವಸೆ ಕಟ್ಟಿದ ಕಲ್ಲಿನ ಮೇಲೆ ಜಾರಿ ಹತ್ತು ಅಡಿ ಕೆಳಗೆ ಒಂದು ಪೊದೆಗೆ ಸಿಕ್ಕಿಕೊಂಡ. ಪಾದದ ಕೀಲು ಮುರಿದಿತ್ತು. ಊರಿನವರು ಕಂಬಳಿ ಜೋಲಿಯಲ್ಲಿ ಹೊತ್ತು ತಂದರಂತೆ. ಪೊದೆಯ ಆಚೆಗೆ ಹಿಡಿಯಲು ಏನೂ ಇರಲಿಲ್ಲ. ಮೂರು ತಿಂಗಳ ಮೇಲೆ ಕೋಲೂರಿಕೊಂಡು ಕೆಲಸಕ್ಕೆ ಬಂದವನು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ನಾನೇ ಕೇಳಿದೆ, "ಹೆದರಿಕೆ ಆದಮೇಲೆ ವಾಪಸ್ ಬರಬಾರದಿತ್ತಾ?" ಅವನು ತಲೆ ತಗ್ಗಿಸಿ, "ಅರ್ಧಕ್ಕ ನಿಂತಿದ್ದೆ ಸರ. ನೀವು ಏನೂ ಇಲ್ಲ ಅಂದಿದ್ರಲ್ರೀ, ತಿರುಗಿ ಬರಾಕ ನಾಚಿಕಿ ಆತು" ಅಂದ.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ನನಗೆ ಅದು ನಿಜವಾಗಿಯೂ ಸುಲಭವಾಗಿತ್ತು. ಹಾಗಾದರೆ ತಪ್ಪು ಎಲ್ಲಿ?

ಮಲೆನಾಡಿನವರಿಗೆ ಕಾಲುಸಂಕ ಗೊತ್ತು, ಹಳ್ಳದ ಮೇಲೆ ಅಡ್ಡ ಹಾಕಿದ ಮರದ ದಿಮ್ಮಿ. ಅದೇ ದಿಮ್ಮಿ ಅಂಗಳದಲ್ಲಿ ಬಿದ್ದಿದ್ದರೆ ಮಕ್ಕಳು ಅದರ ಮೇಲೆ ಓಡಾಡುತ್ತವೆ. ಆಷಾಢದ ಕೆಂಪು ನೀರಿನ ಮೇಲೆ ಹಾಕಿದರೆ ಗಟ್ಟಿ ಆಳೂ ಕೂತು ತೆವಳುತ್ತಾನೆ. ದಿಮ್ಮಿಯ ಅಗಲ ಬದಲಾಗಿಲ್ಲ, ಕೆಳಗೆ ಇರುವುದು ಬದಲಾಗಿದೆ. ಬೆಟ್ಟದ ಏಣಿನ ಮೇಲಿನ ದಾರಿಯೂ ಹೀಗೇ. ಹೆಜ್ಜೆ ಇಡುವುದು ಎಷ್ಟು ಕಷ್ಟ ಎನ್ನುವುದು ಒಂದು ಪ್ರಶ್ನೆ. ಹೆಜ್ಜೆ ತಪ್ಪಿದರೆ ಏನು ಎನ್ನುವುದು ಬೇರೆಯೇ ಪ್ರಶ್ನೆ.

ಈ ಎರಡನೆಯದಕ್ಕೆ ಬೆಟ್ಟ ಹತ್ತುವವರು ಎಕ್ಸ್‌ಪೋಷರ್ ಅನ್ನುತ್ತಾರೆ. ಕೇಳಿ ನಗು ಬಂತು. ನಾನು ಜೀವಮಾನವಿಡೀ ಬಳಸಿದ ಶಬ್ದ ಅದು. ಒಬ್ಬ ಗಿರಾಕಿಯ ಮೇಲೆ ಬ್ಯಾಂಕಿನ ಎಷ್ಟು ಹಣ ನಿಂತಿದೆ ಎನ್ನುವುದೇ ನಮ್ಮ ಎಕ್ಸ್‌ಪೋಷರ್. ಬಾಸೆಲ್ ನಿಯಮಗಳ ತರಬೇತಿಯಲ್ಲಿ ನಮಗೆ ಕಲಿಸಿದ್ದೂ ಇದನ್ನೇ: ಸಾಲ ಮುಳುಗುವ ಸಾಧ್ಯತೆ ಎಷ್ಟು, ಮುಳುಗಿದರೆ ನಷ್ಟ ಎಷ್ಟು, ಎರಡನ್ನೂ ಬೇರೆ ಬೇರೆ ಅಳೆಯಬೇಕು, ಕಲಸಬಾರದು. ಎರಡು ಲಕ್ಷದ ಸಾಲಕ್ಕೆ ಅಷ್ಟು ಎಚ್ಚರ ವಹಿಸುತ್ತಿದ್ದ ನಾನು ಒಬ್ಬ ಹುಡುಗನ ಪ್ರಾಣದ ವಿಷಯದಲ್ಲಿ ಎರಡನ್ನೂ ಕಲಸಿ ಒಂದೇ ಶಬ್ದದಲ್ಲಿ ಮುಗಿಸಿದ್ದೆ.

ಲೋಕದಲ್ಲಿ ಇದಕ್ಕೆ ಅಳತೆಗೋಲುಗಳಿಲ್ಲ ಅಂತಲ್ಲ. ಜರ್ಮನಿಯ ವೆಲ್ಜೆನ್‌ಬಾಕ್ 1920ರ ದಶಕದಲ್ಲೇ ಬಂಡೆ ಹತ್ತುವ ಕಷ್ಟಕ್ಕೆ ಆರು ದರ್ಜೆ ಮಾಡಿದ. ಅಮೆರಿಕದವರ ಲೆಕ್ಕದಲ್ಲಿ ಒಂದು ಅಂದರೆ ಬರಿ ನಡಿಗೆ, ಮೂರು ಅಂದರೆ ಕೈ ಊರಿ ಹತ್ತುವುದು, ನಾಲ್ಕು ಅಂದರೆ ಬಿದ್ದರೆ ಸಾಯಬಹುದಾದ ಜಾಗ. ಬ್ರಿಟನ್ನಿನವರು ಇಂಥ ಏಣುಗಳಿಗೆ ಒಂದರಿಂದ ಮೂರರವರೆಗೆ ದರ್ಜೆ ಕೊಡುತ್ತಾರೆ. ಅಲ್ಲಿನ ವೇಲ್ಸ್‌ನಲ್ಲಿ ಕ್ರಿಬ್ ಗೋಖ್ ಎಂಬ ಕತ್ತಿಯ ಬೆನ್ನಿನಂಥ ಏಣಿದೆ. ಅದರ ದರ್ಜೆ ಒಂದು, ಅಂದರೆ ಎಲ್ಲಕ್ಕಿಂತ ಸುಲಭ. ಆದರೂ ಅಲ್ಲಿ ಬಿದ್ದು ಸತ್ತವರು ಹಲವರು. ದರ್ಜೆ ಸುಳ್ಳಲ್ಲ. ಒಣಗಿದ ಕಲ್ಲು, ಒಳ್ಳೆ ಹವೆ, ಎತ್ತರದ ಅಭ್ಯಾಸವಿರುವ ಮನುಷ್ಯ, ಇಷ್ಟನ್ನೂ ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ಅಂಕಿ ಅದು. ಮಳೆ, ಗಾಳಿ, ಸುಸ್ತು, ಹೆದರಿಕೆ ಅದರಲ್ಲಿ ಸೇರಿಲ್ಲ. ಇಳಿಯುವಾಗ ತನ್ನ ಪಾದವೇ ತನಗೆ ಕಾಣುವುದಿಲ್ಲ ಎನ್ನುವುದೂ ಆ ಅಂಕಿಯಲ್ಲಿ ಕಾಣುವುದಿಲ್ಲ.

ಈ ಘಟನೆಯಾದ ಮೇಲೆ ನಾನು ಮತ್ತೊಂದು ತಪ್ಪು ಮಾಡಿದೆ. ಯಾರು ಕೇಳಿದರೂ "ಕಷ್ಟ, ಬೇಡ" ಅನ್ನತೊಡಗಿದೆ. ಮಗಳು ಕಾಲೇಜಿನ ಗೆಳತಿಯರ ಜೊತೆ ಪುರುಲಿಯಾದ ಜಯಚಂಡಿ ಪಹಾಡ್‌ಗೆ ಬಂಡೆ ಹತ್ತುವ ಶಿಬಿರಕ್ಕೆ ಹೊರಟಾಗಲೂ ಅದೇ ರಾಗ. "ಅಪ್ಪ, ನೀವು ಆ ಕಲ್ಲನ್ನ ನೋಡೇ ಇಲ್ಲವಲ್ಲ" ಅಂದಳು. ನಿಜವೇ. ಯಾರಿಗೂ ಸಾಲ ಕೊಡದ ಮ್ಯಾನೇಜರನ ಬ್ರಾಂಚಿನಲ್ಲಿ ವಸೂಲಾಗದ ಸಾಲವೇ ಇರುವುದಿಲ್ಲ. ಆದರೆ ಅವನು ಬ್ಯಾಂಕು ನಡೆಸುತ್ತಿಲ್ಲ, ತನ್ನ ಕುರ್ಚಿ ಕಾಯುತ್ತಿದ್ದಾನೆ. ನನ್ನ "ಬೇಡ"ವೂ ಅವಳ ಒಳ್ಳೆಯದಕ್ಕಾಗಿ ಇರಲಿಲ್ಲ, ನನ್ನ ಮೇಲೆ ಮತ್ತೊಂದು ಅಪವಾದ ಬರದಿರಲಿ ಅಂತ ಇತ್ತು.

ಸರಿಯಾದ ಉತ್ತರ ಹೇಗಿರುತ್ತದೆ ಅಂತ ತೋರಿಸಿಕೊಟ್ಟವರು ಒಬ್ಬ ಬಂಗಾಳಿ ಶಿಕ್ಷಕರು. ಮಗಳ ಮಾತಿನಿಂದ ನಾಚಿ ಆ ಚಳಿಗಾಲ ನಾನೇ ಬಾಂಕುರಾ ಜಿಲ್ಲೆಯ ಸುಸುನಿಯಾ ಗುಡ್ಡಕ್ಕೆ ಹೋದೆ. ಸುಮಾರು 440 ಮೀಟರಿನ ಗುಡ್ಡ; ನಾಲ್ಕನೇ ಶತಮಾನದ ಚಂದ್ರವರ್ಮನ ಶಾಸನ ಇರುವ ಜಾಗ. ಕೋಲ್ಕತ್ತಾದ ಕ್ಲಬ್ಬುಗಳು ಚಳಿಗಾಲದಲ್ಲಿ ಅಲ್ಲಿ ಬಂಡೆ ಹತ್ತುವುದನ್ನು ಕಲಿಸುತ್ತವೆ. ಕಲ್ಲಿನ ಬುಡದಲ್ಲಿ ನಿಂತು, "ದಾದಾ, ಕಷ್ಟವಾ?" ಅಂತ ಕೇಳಿದೆ. ಅವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ರಾತ್ರಿ ನಿದ್ದೆ ಬಂತಾ, ಬೂಟು ಜಾರುತ್ತಾ ಅಂತ ವಿಚಾರಿಸಿದರು. ಆ ಬಿರುಕಿನ ತನಕ ಎರಡು ಕೈಗೂ ಹಿಡಿತ ಇದೆ, ಅಲ್ಲಿಂದ ಮುಂದೆ ಒಂದೇ ಕೈಗೆ, ಬಿರುಕಿನ ಹತ್ತಿರ ನಿಂತು ಯೋಚನೆ ಮಾಡಿ, ಅಲ್ಲಿಂದ ಇಳಿಯೋದು ಸುಲಭ, ಆಮೇಲೆ ಅಲ್ಲ ಅಂದರು. ನಾನು ಬಿರುಕಿನ ತನಕ ಹೋದೆ. ಕಾಲು ನಡುಗಿತು. ಕೆಳಗಿನಿಂದ "ಭೊಯ್ ಪಾಚ್ಚೇನ್?" ಅಂತ ಕೇಳಿದರು, ಹೆದರಿಕೆ ಆಗ್ತಿದೆಯಾ ಅಂತ. ಹೌದು ಅಂದೆ. "ಹಾಗಾದ್ರೆ ಬನ್ನಿ, ಟೀ ಕುಡಿಯೋಣ" ಅಂದರು. ಇಳಿದು ಬಂದೆ. ಒಂಚೂರೂ ನಾಚಿಕೆ ಆಗಲಿಲ್ಲ.

ಗದಗದ ಹುಡುಗನಿಗೆ ನಾನು ಕೊಡದೇ ಹೋದದ್ದು ಇದನ್ನೇ. "ಸುಲಭ" ಅಂದವನು ಕೇಳಿದವನ ಕೈಯಿಂದ ಹಿಂದಿರುಗುವ ಹಕ್ಕನ್ನು ಕಿತ್ತುಕೊಳ್ಳುತ್ತಾನೆ. "ಕಷ್ಟ" ಅಂದವನು ಹೊರಡುವ ಹಕ್ಕನ್ನೇ ಕಿತ್ತುಕೊಳ್ಳುತ್ತಾನೆ. ಇನ್ನೊಬ್ಬರಿಗೆ ಹೇಳಬೇಕಾದದ್ದು ಅಲ್ಲಿ ಏನಿದೆ, ನಾನು ಹೋದಾಗ ನನ್ನ ವಯಸ್ಸೆಷ್ಟು, ಕಾಲ ಯಾವುದು, ತಪ್ಪಿದರೆ ಏನಾಗುತ್ತೆ, ಎಲ್ಲಿಂದ ತಿರುಗಬಹುದು, ಇಷ್ಟೇ. ತೀರ್ಮಾನ ಅವರದು.

ಪರಊರಿನಲ್ಲಿ ಇರುವವರು ಈ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ದೂರದಿಂದ ನೆನೆಯುವಾಗ ನಮ್ಮೂರಿನ ಬೆಟ್ಟ ವರ್ಷ ವರ್ಷ ಸುಲಭವಾಗುತ್ತ ಹೋಗುತ್ತದೆ. ಕೋಲ್ಕತ್ತಾಕ್ಕೆ ವರ್ಗವಾದ ಹುಡುಗರು ಫೋನು ಮಾಡಿ "ಅಲ್ಲಿ ಇರೋದು ಕಷ್ಟಾನಾ ಸಾರ್?" ಅಂದಾಗಲೂ ನಾನೀಗ "ಏನೂ ಇಲ್ಲ" ಅನ್ನುವುದಿಲ್ಲ. ಮೇ ತಿಂಗಳ ಸೆಖೆ, ಭಾಷೆ, ಮೀನಿನ ವಾಸನೆ, ಪಕ್ಕದ ಮನೆಯವರ ಪ್ರೀತಿ, ಎಲ್ಲ ಇದ್ದಹಾಗೇ ಹೇಳುತ್ತೇನೆ.

ಕಳೆದ ದೀಪಾವಳಿಗೆ ಅದೇ ಗದಗದ ಹುಡುಗ ಫೋನು ಮಾಡಿದ್ದ. ಈಗ ಅವನೂ ಒಂದು ಬ್ರಾಂಚಿನ ಮ್ಯಾನೇಜರು. "ಸರ, ಮಗಾ ಎತ್ತಿನ ಭುಜಕ್ಕ ಹೋಗೂಣು ಅಂತ ಗಂಟು ಬಿದ್ದಾನ. ಏನ್ ಹೇಳ್ಲಿ?" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, "ನೀನೂ ಜೊತೆಗೆ ಹೋಗು. ನೀನು ಅವತ್ತು ಅರ್ಧದಲ್ಲಿ ನಿಂತಿದ್ದೆಯಲ್ಲ, ಆ ಜಾಗ ಅವನಿಗೆ ತೋರಿಸು" ಅಂದೆ.