ಎದುರಿನವರ ಮಾತು

ಒಂದು ಭಾನುವಾರ ಅಕ್ಕನ ಮಗಳು ನೋಟ್‌ಬುಕ್ ಹಿಡಿದುಕೊಂಡು ಮನೆಗೆ ಬಂದಳು. ಸ್ಕೇಲಿಟ್ಟು ಗೆರೆ ಎಳೆದ ಪುಟ. ಎಡಗಡೆ ಊರುಗಳು: ಜಿನೀವಾ, ಪ್ಯಾರಿಸ್, ವಿಯೆನ್ನಾ, ಬ್ರೂಜ್, ಬರ್ಲಿನ್, ಲಂಡನ್. ಅವುಗಳ ಮುಂದೆ ಶುಲ್ಕ, ಅವಧಿ, ರ್‍ಯಾಂಕ್, ವಿದ್ಯಾರ್ಥಿವೇತನ, ವೀಸಾ. "ಮಾಮ, ಅಂತರರಾಷ್ಟ್ರೀಯ ಸಂಬಂಧಗಳಲ್ಲೇ ಎಂ.ಎ. ಮಾಡ್ಬೇಕು ಅಂತಿದೀನಿ. ಎಲ್ಲಿಗೆ ಹೋಗ್ಲಿ, ನೀವೇ ಹೇಳಿ" ಅಂದಳು.

ಆ ಪುಟವನ್ನು ಹಗುರವಾಗಿ ಕಾಣಲು ನನಗೆ ಮನಸ್ಸಾಗಲಿಲ್ಲ. ಬ್ರಿಟನ್ನಿನಲ್ಲಿ ಈ ಓದು ಸಾಮಾನ್ಯವಾಗಿ ಒಂದು ವರ್ಷ. ಯುರೋಪಿನ ಉಳಿದೆಡೆ ಹೆಚ್ಚಾಗಿ ಎರಡು ವರ್ಷ, 120 ಕ್ರೆಡಿಟ್. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ಊಟ, ಬಾಡಿಗೆ ನಮ್ಮದೇ. ಇವೆಲ್ಲ ಬರೀ ಹಣದ ಲೆಕ್ಕವಲ್ಲ. ತೋಟ ಅಡವಿಟ್ಟು ಸಾಲ ಎತ್ತಿ ಹೋದವರಿಗೆ ಓದು ಮುಗಿದ ದಿನದಿಂದಲೇ ಕಂತು ಕಣ್ಣ ಮುಂದೆ ನಿಲ್ಲುತ್ತದೆ. ನಿರಾಶ್ರಿತರ ಶಿಬಿರದಲ್ಲಿ ದುಡಿಯುವ ಆಸೆ ಹೊತ್ತು ಹೋದವರು ಸಂಬಳ ಹೆಚ್ಚಿರುವ ಕಡೆ ತಿರುಗಬೇಕಾಗುತ್ತದೆ. ಸಾಲ ಮೊದಲು ಕಸಿಯುವುದು ಆಯ್ಕೆಯನ್ನು. ವಿಶ್ವಸಂಸ್ಥೆಯ ಸಚಿವಾಲಯದಲ್ಲಿ ಇಂಟರ್ನ್ ಆದರೆ ಸಂಬಳವಿಲ್ಲ ಎಂಬುದನ್ನೂ ಹೇಳಿದೆ. ಭಾರತದ ರಾಯಭಾರಿಯಾಗುವುದೇ ಗುರಿಯಾದರೆ ದಾರಿ ಯುಪಿಎಸ್‌ಸಿ ಪರೀಕ್ಷೆಯದು. ಅದಕ್ಕೆ ಯುರೋಪಿನ ಪದವಿ ಬೇಕೇಬೇಕೆಂದಿಲ್ಲ. ಹೇಳುವುದು ಕಷ್ಟವಾದರೂ ಹೇಳಲೇಬೇಕಾದ ಮಾತುಗಳಿವು.

ಆದರೆ ಅವಳ ಪುಟದಲ್ಲಿ ಇಲ್ಲದ ಒಂದು ವಿಷಯ ನನ್ನನ್ನು ಕಾಡಿತು. ಈ ಶಾಲೆಗಳು ಯಾಕೆ ಹುಟ್ಟಿದವು?

1683ರಲ್ಲಿ ಆಟೊಮನ್ ಸೇನೆ ವಿಯೆನ್ನಾವನ್ನು ಮುತ್ತಿತ್ತು. ಎಪ್ಪತ್ತೊಂದು ವರ್ಷಗಳ ಮೇಲೆ, 1754ರಲ್ಲಿ, ಅದೇ ಊರಿನಲ್ಲಿ ರಾಣಿ ಮರಿಯಾ ತೆರೇಸಾ ಒಂದು ಶಾಲೆ ತೆರೆದಳು. ಹುಡುಗರಿಗೆ ಅಲ್ಲಿ ಕಲಿಸಿದ್ದು ತುರ್ಕಿ, ಅರಬ್ಬಿ, ಪಾರ್ಸಿ. ಅಜ್ಜಂದಿರು ಯಾರಿಗೆ ಹೆದರಿ ಕೋಟೆಯ ಬಾಗಿಲು ಹಾಕಿದ್ದರೋ ಅವರ ಮಾತನ್ನು ಮೊಮ್ಮಕ್ಕಳು ಬಾಯಿಪಾಠ ಮಾಡಿದರು. ಇಂದಿನ ವಿಯೆನ್ನಾ ಡಿಪ್ಲೊಮ್ಯಾಟಿಕ್ ಅಕಾಡೆಮಿಯ ಬೇರು ಅದು. ಸಾಮ್ರಾಜ್ಯದ ಸ್ವಾರ್ಥವೂ ಅದರಲ್ಲಿತ್ತು, ನಿಜ. ಆದರೂ ಎದುರಾಳಿಯ ಭಾಷೆಯಲ್ಲಿ ಕ್ರಿಯಾಪದ ತಿದ್ದಿಕೊಳ್ಳುತ್ತ ಕೂತವನಿಗೆ ಎದುರಾಳಿ ಬರೀ ಕತ್ತಿಯಾಗಿ ಉಳಿಯುವುದಿಲ್ಲ.

ವೇಲ್ಸ್‌ನ ಅಬೆರಿಸ್ಟ್‌ವಿತ್ ಕಡಲ ದಂಡೆಯ ಚಿಕ್ಕ ಊರು. ಅಂತರರಾಷ್ಟ್ರೀಯ ರಾಜಕಾರಣಕ್ಕೆಂದು ಜಗತ್ತಿನ ಮೊದಲ ಪ್ರಾಧ್ಯಾಪಕ ಪೀಠ 1919ರಲ್ಲಿ ಸ್ಥಾಪನೆಯಾದದ್ದು ಅಲ್ಲಿ. ಮೊದಲ ಮಹಾಯುದ್ಧದಲ್ಲಿ ಮಡಿದ, ಗಾಯಗೊಂಡ ಅಲ್ಲಿನ ವಿದ್ಯಾರ್ಥಿಗಳ ನೆನಪಿಗೆ ಡೇವಿಡ್ ಡೇವಿಸ್ ಎಂಬವರು ಮತ್ತು ಅವರ ಇಬ್ಬರು ಸೋದರಿಯರು ಹಣ ಕೊಟ್ಟರು. ಖಾಲಿಯಾದ ಬೆಂಚುಗಳಿಂದ ಹುಟ್ಟಿದ ವಿಷಯ ಇದು. ಎರಡನೆಯ ಮಹಾಯುದ್ಧದ ಬೂದಿ ಆರುವ ಮೊದಲೇ, 1949ರಲ್ಲಿ, ಬ್ರೂಜ್‌ನಲ್ಲಿ ಕಾಲೇಜ್ ಆಫ್ ಯುರೋಪ್ ಶುರುವಾಯಿತು. ನಾಲ್ಕೈದು ವರ್ಷಗಳ ಹಿಂದೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ್ದ ದೇಶಗಳ ಮಕ್ಕಳು ಒಂದೇ ಸೂರಿನಡಿ ಉಂಡು ಮಲಗಿ ಓದಬೇಕೆಂಬುದು ಅದರ ಹಂಬಲ.

ನೋವಿನಿಂದ ಹುಟ್ಟಿದ ವಿದ್ಯೆಯನ್ನು ಬರೀ ಮೆರುಗಿಗಾಗಿ ಕಲಿತರೆ ಅದು ಕೈಗೆ ಹತ್ತುವುದಿಲ್ಲ. ಹಾಗಾಗಿ ಶಾಲೆಯನ್ನು ಅಳೆಯುವಾಗ ಇನ್ನೂ ಮೂರು ಪ್ರಶ್ನೆ ಕೇಳಬೇಕು ಅಂದೆ. ಅಲ್ಲಿ ನಿನ್ನ ಪಕ್ಕದಲ್ಲಿ ಕೂರುವವರು ಯಾರು? ನೀನು ಒಪ್ಪದ ಮಾತನ್ನು ಕಡೆಯತನಕ ಕೇಳಿಸಿಕೊಳ್ಳುವುದನ್ನು ಅಲ್ಲಿ ಕಲಿಸುತ್ತಾರೆಯೇ? ಬರುವಾಗ ಯಾರ ಭಾಷೆಯನ್ನು ನಾಲಗೆ ಮೇಲೆ ಇಟ್ಟುಕೊಂಡು ಬರುತ್ತೀ?

ಕೇಳಿಸಿಕೊಳ್ಳುವ ಮಾತು ಬಂದಾಗ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ನೆನಪಾದರು. ಸಂವಿಧಾನ ಸಭೆಯ ಸಲಹೆಗಾರರಾಗಿ ಅವರು 1947ರಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್ ಸುತ್ತಿ ಅಲ್ಲಿನ ತಿಳಿದವರನ್ನು ಕೇಳಿಬಂದರು. ಅಷ್ಟು ಓದಿದವರಿಗೂ ಕೇಳುವುದರಲ್ಲಿ ಸಣ್ಣತನ ಕಾಣಲಿಲ್ಲ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಅವರೇ. ಮುಂದೆ 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ನ್ಯಾಯಾಧೀಶನ ಕೆಲಸದಲ್ಲಿ ಮುಕ್ಕಾಲು ಪಾಲು ಕಿವಿಯದೇ ಅಲ್ಲವೇ?

ಅವಳು ಏನೂ ಹೇಳದೆ ನೋಟ್‌ಬುಕ್ ಮಡಚಿಕೊಂಡು ಹೋದಳು. ಬೇಸರವಾಯಿತೇನೋ ಅಂದುಕೊಂಡೆ. ಮೂರು ವಾರ ಕಳೆದು ಅಕ್ಕನ ಮನೆಗೆ ಹೋದರೆ, ಒಳಕೋಣೆಯಿಂದ ಫ್ರೆಂಚ್ ಕಲಿಯುವ ದನಿ. ಒಂದೇ ವಾಕ್ಯ, ತಪ್ಪಿ ತಪ್ಪಿ, ಮತ್ತೆ ಮತ್ತೆ. ಹೊಸ್ತಿಲಲ್ಲಿ ಬತ್ತಿ ಹೊಸೆಯುತ್ತಿದ್ದ ನಮ್ಮಮ್ಮ ಕೇಳಿದರು: "ಏನೇ ಅದು, ಆಗಿಂದ ಅದನ್ನೇ ಹೇಳ್ತಿದೀಯ?"

ಅವಳು ಹೊರಗೆ ಬಂದು ಹೇಳಿದಳು: "'ನನಗೆ ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಂದು ಸಲ ಹೇಳಿ' ಅಂತ, ಅಜ್ಜಿ."