ಎಣಿಸ್ಕೊಳ್ಳಿ ಮೇಷ್ಟ್ರೇ

ಹೊಸೂರು ಹತ್ತಿರದ ತಳಿ ಊರಲ್ಲಿ ಕನ್ನಡ ಶಾಲೆಯ ಮೇಷ್ಟ್ರಾಗಿದ್ದ ನಾನು ನಿವೃತ್ತನಾದ ಮೇಲೆ ಚೀಟಿ ಮೇಷ್ಟ್ರಾದೆ. 20 ಜನ, ತಿಂಗಳಿಗೆ ತಲಾ 2,000 ರೂಪಾಯಿ. ಅವಸರವಿದ್ದವರು ಹೆಚ್ಚು ಬಿಟ್ಟು ಕೂಗಿ ಎತ್ತಿಕೊಳ್ಳುತ್ತಾರೆ. ಯಾರಾದರೂ 10,000 ಬಿಡಲು ತಯಾರಾದರೆ ನಾನು ಮೊದಲು ಅವರ ಮುಖ ನೋಡುತ್ತೇನೆ. ಆ ಮನೆಯಲ್ಲಿ ಏನೋ ಕೆಟ್ಟಿರುತ್ತದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಹೊಸೂರು ಸುತ್ತಿನ ಗುಲಾಬಿಗೆ ಮದುವೆಯಿಲ್ಲ, ಗುಡಿಯಿಲ್ಲ, ವಿಮಾನವಿಲ್ಲ. ಕೊಯ್ದ ಹೂವು ತಿಪ್ಪೆಗೆ ಹೋಯಿತು. ಆಗಲೇ ಚೀಟಿ ಎತ್ತಿದ್ದ ಹೂವಿನ ರೈತನೊಬ್ಬ ಕಂತು ನಿಲ್ಲಿಸಿದ. ಮೇಷ್ಟ್ರ ಚೀಟಿ ಮುಳುಗಿತಂತೆ ಎಂದು ಮಾತು ಹರಡಿ, ಒಂದೇ ಸಂಜೆ ಮೂವರು ಬಂದರು. ಲೆಕ್ಕದ ಪುಸ್ತಕವನ್ನು ಜಗಲಿಯಲ್ಲಿಟ್ಟೆ. ಅರಿಸಿನ ಹಚ್ಚಿದ ಮೊದಲ ಪುಟ ದಾಟಿ, ಸಾಲುಸಾಲಿಗೂ ಬೆರಳಿಟ್ಟು ನೋಡಿದರು.

"ಅವನು ಕೊಡದಿದ್ರೆ?"

"ನನ್ನ ಪಿಂಚಣಿಯಿದೆ."

"ಐದು ಜನ ಕೊಡದಿದ್ರೆ?"

ನನ್ನಲ್ಲಿ ಉತ್ತರವಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವಮಾನವಾಯಿತು. ಅವರ ಮಕ್ಕಳಿಗೆ ಮಗ್ಗಿ ಕಲಿಸಿದವನ ಕೂಡುವ ಲೆಕ್ಕವನ್ನೇ ಪರೀಕ್ಷಿಸುವುದೇ?

ನಂಬಿಕೆ ಇದ್ದಲ್ಲಿ ಪರೀಕ್ಷೆ ಏಕೆ ಎಂಬುದು ಅಂದಿನಿಂದ ಕಾಡುತ್ತಿದೆ. ಹೊಸೂರು ಬೆಟ್ಟದ ಚಂದ್ರಚೂಡೇಶ್ವರ ನಾವು ನಂಬದಿದ್ದರೂ ಅಲ್ಲೇ ಇರುತ್ತಾನೆ. ಚೀಟಿ ಹಾಗಲ್ಲ. ಎಲ್ಲರೂ ಒಂದೇ ದಿನ ಅನುಮಾನಪಟ್ಟರೆ ಲೆಕ್ಕ ಸರಿಯಿದ್ದರೂ ಬೀಳುತ್ತದೆ. ದೇಶಗಳ ಕಥೆಯೂ ಇದೇ. 2008ರಲ್ಲಿ ಐಸ್‌ಲ್ಯಾಂಡಿನ ಜನಸಂಖ್ಯೆ 3 ಲಕ್ಷ ಚಿಲ್ಲರೆ; ನಮ್ಮ ಕೃಷ್ಣಗಿರಿ ಜಿಲ್ಲೆಯೊಂದೇ 2011ರ ಗಣತಿಯಲ್ಲಿ 18 ಲಕ್ಷ ದಾಟಿತ್ತು. ಆ ಪುಟ್ಟ ದೇಶದ ಮೂರು ದೊಡ್ಡ ಬ್ಯಾಂಕುಗಳು ದೇಶದ ವರ್ಷದ ಉತ್ಪನ್ನದ ಹಲವು ಪಟ್ಟು ಊದಿಕೊಂಡಿದ್ದವು. ಹೊರಗಿನಿಂದ ಸಾಲ ಹುಟ್ಟದಾದಾಗ, ಅಕ್ಟೋಬರಿನ ಒಂದೇ ವಾರದಲ್ಲಿ ಮೂರೂ ಮಲಗಿದವು. ಇಂಥ ಕುಸಿತದ ಸುಳಿವು ಮೊದಲೇ ಸಿಗಲೆಂದು 1999ರಿಂದ ಐಎಂಎಫ್ ಮತ್ತು ವಿಶ್ವಬ್ಯಾಂಕ್ ಒಂದೊಂದೇ ದೇಶದ ಹಣಕಾಸು ವ್ಯವಸ್ಥೆಯನ್ನು ತಟ್ಟಿ ನೋಡುತ್ತಿವೆ: ದೊಡ್ಡ ಸಾಲಗಾರರು ಕೈಯೆತ್ತಿದರೆ? ಎಲ್ಲರೂ ಠೇವಣಿ ವಾಪಸು ಕೇಳಿದರೆ? ಜಗಲಿಯ ಮೇಲೆ ಆ ಮೂವರು ಕೇಳಿದ್ದೂ ಇದನ್ನೇ.

ಭಕ್ತಿಗೆ ಲೆಕ್ಕವಿಲ್ಲ ಅನ್ನುತ್ತೇವೆ. ಆದರೆ ದೇವರ ಹುಂಡಿಯನ್ನು ಅಧಿಕಾರಿಗಳೆದುರೇ ಎಣಿಸುವುದು. ಅದು ದೇವರ ಮೇಲಿನ ಅನುಮಾನವೇನಲ್ಲವಲ್ಲ.

ಹೂವಿನ ರೈತ ದೀಪಾವಳಿ ಹೊತ್ತಿಗೆ ಬಂದ. ಮುಳ್ಳು ಗೀಚಿದ ಬೆರಳುಗಳಲ್ಲಿ ನೋಟಿನ ಕಟ್ಟು, ಏಳು ಕಂತಿನದು. ದೊಡ್ಡತನ ತೋರಿಸಲು ಹಾಗೇ ಪೆಟ್ಟಿಗೆಗೆ ಹಾಕಹೋದೆ.

"ಎಣಿಸ್ಕೊಳ್ಳಿ ಮೇಷ್ಟ್ರೇ," ಎಂದು ಅವನು ಜಗಲಿಯಲ್ಲೇ ಕೂತ.

ಎಣಿಸಿದೆ. ಐನೂರರ ಒಂದು ನೋಟು ಹೆಚ್ಚಿತ್ತು. ವಾಪಸು ಕೊಟ್ಟೆ.